ಅಂಟದ ಕಾಯಿಲೆ

ದಾಕ್ಷಾಯಿಣಿ,

ನಿನ್ನೆ ಕೊಪ್ಪದ ಬಸ್ ನಿಲ್ದಾಣದಲ್ಲಿ ನಿನ್ನ ಅಣ್ಣ ಕಾಂತರಾಜ್ ಸಿಕ್ಕಿದ್ದರು. ನಿನ್ನನ್ನು ಮಣ್ಣು ಮಾಡಿದ ಮೇಲೆ ನಾವಿಬ್ಬರೂ ಮಾತಾಡಿದ್ದು ಇದೇ ಮೊದಲು. ನಿನ್ನ ಕತ್ತಿನ ಗಂಟಿನ ಚೂರು ತೆಗೆದು ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದ್ದರಲ್ಲ, ಅದರ ರಿಪೋರ್ಟ್ ತೋರಿಸಿದರು. ಕಿಕುಚಿ ಎಂಬ ಅಪರೂಪದ ಕಾಯಿಲೆಯಂತೆ. ನಿನ್ನ ಕೆನ್ನೆಯ ಮೇಲೆ ಕೆಂಪು ಕಲೆ ಎದ್ದದ್ದೂ ಅದರಿಂದಲೇ. ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದಂತೆ. ನಿನಗೆ ಹೃದಯಕ್ಕೂ ತಾಗಿತ್ತು.

"ಅಂಟೋ ಕಾಯ್ಲೆ ಅಲ್ಲ ಕಣ್ರೀ ಭಾವ," ಎಂದರು. "ಮಗೀನ ಒಂದ್ಸಲ ಕರ್ಕೊಂಡ್ ಬರಬೈದಾಗಿತ್ತು. ಕೊನೇ ದಿವ್ಸನೂವೆ ಬಾಗ್ಲು ಕಡೇನೇ ನೋಡ್ತಿದ್ಲು."

ಜ್ವರ, ಕತ್ತಿನ ಗಂಟು ನೋಡಿ ಟಿ.ಬಿ. ಇರಬೇಕೆಂದು ನಿನ್ನ ತಟ್ಟೆ ಲೋಟ ಬೇರೆ ಮಾಡಿದವನು ನಾನು. ಕಂಪಲಾಪುರದ ತವರಿಗೆ ಬಿಟ್ಟು ಬಂದವನೂ ನಾನೇ. ಆ ದಿನ ನಿನ್ನ ಸೆರಗು ಹಿಡಿಯಲು ಓಡಿದ ಮಗಳು ಚಿನ್ನುವನ್ನು ರಟ್ಟೆ ಹಿಡಿದು ಎಳೆದಿದ್ದೆ.

ಇವತ್ತು ಬೆಳಿಗ್ಗೆ ಅವಳು ಶಾಲೆಗೆ ಏಳಲಿಲ್ಲ. ಹಣೆ ಮುಟ್ಟಿ ನೋಡಲು ಹೋದೆ. ಆರು ವರ್ಷದ ಮಗು ಗೋಡೆಯ ಕಡೆಗೆ ಸರಿದು ಹೇಳಿತು:

"ದೂರ ನಿಂತ್ಕೊ ಅಪ್ಪಾ. ನಂಗೆ ಜ್ವರ ಬಂದದೆ."