ಒದ್ದೆ ಕುರಿಗೆ ಎಂಟು ಡ್ರೈಯರ್

ಕೇಶವಿನ್ಯಾಸ ತರಬೇತಿ ಶಾಲೆಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತೆ ಕೇಳಿಸಿತು. ದಿನಕ್ಕೆ ಒಂಬತ್ತು ಗಂಟೆ ಪಾರ್ಸೆಲ್ ಕಂಪನಿಯ ದೂರು ವಿಭಾಗದಲ್ಲಿ ಕುಳಿತು, ಯಾರೋ ಕಳೆದ ಪೆಟ್ಟಿಗೆಗೆ, ಯಾರೋ ಒಡೆದ ಗಾಜಿಗೆ ‘ಕ್ಷಮಿಸಿ ಸರ್, ಕ್ಷಮಿಸಿ ಮೇಡಂ’ ಎನ್ನುತ್ತಿದ್ದರೆ ಗಂಟಲು ಕಟ್ಟದೆ ಇನ್ನೇನಾದೀತು? ಬಿಸಿನೀರು ಕುಡಿ. ಕಿವಿಗೆ ಹಾಕುವ ಆ ಯಂತ್ರವನ್ನು ಗಂಟೆಗೊಮ್ಮೆಯಾದರೂ ತೆಗೆದಿಡು. ನಿನ್ನ ಅಮ್ಮ ಚೆನ್ನಾಗಿದ್ದಾಳೆ. ನನ್ನ ತಂಗಿಯಾದರೂ ಈಗ ನನಗೇ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದಾಳೆ. ನಿನ್ನ ದೊಡ್ಡಪ್ಪನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ನಾನು ಗುಂಡುಕಲ್ಲಿನಂತೆ ಇದ್ದೇನೆ, ನಿನ್ನೆಯ ಬೆನ್ನುನೋವೊಂದನ್ನು ಬಿಟ್ಟರೆ. ಆ ಬೆನ್ನುನೋವಿಗೊಂದು ಕಥೆಯಿದೆ. ಅದನ್ನು ಫೋನಿನಲ್ಲಿ ಹೇಳಿ ಹಾಳುಮಾಡಲು ಮನಸ್ಸಾಗದೆ, ಈ ವಯಸ್ಸಿನಲ್ಲಿ ಶಾಯಿ ಪೆನ್ನು ಹುಡುಕಿ ಕುಳಿತಿದ್ದೇನೆ.

ನೀನು ಕತ್ತರಿ ಕೆಳಗಿಟ್ಟು ಹದಿನಾಲ್ಕು ತಿಂಗಳಾಯಿತು. ಒಬ್ಬ ಗಿರಾಕಿಯ ಕಿವಿ ಕೊಯ್ದುಹೋಯಿತು, ನಾನು ಇಡೀ ತರಗತಿಯ ಎದುರಿಗೆ ನಿನ್ನನ್ನು ಬೈದೆ, ನೀನು ಏಪ್ರನ್ನನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಮೇಜಿನ ಮೇಲಿಟ್ಟು ಹೊರಟುಹೋದೆ. ಮೂವತ್ತು ವರ್ಷಗಳಲ್ಲಿ ನಾನು ಕಲಿಸಿದ ಮುನ್ನೂರಕ್ಕೂ ಹೆಚ್ಚು ಮಕ್ಕಳಲ್ಲಿ ನಿನ್ನಷ್ಟು ಹಗುರವಾದ ಕೈ ಇನ್ನೊಂದಿರಲಿಲ್ಲ. ಈ ಶಾಲೆಯನ್ನು ಒಂದು ದಿನ ನೀನೇ ನಡೆಸಬೇಕೆಂಬುದು ನನ್ನ ಆಸೆಯಾಗಿತ್ತು, ಈಗಲೂ ಆಗಿದೆ. ಇದನ್ನು ಮುಚ್ಚಿಟ್ಟು ಬರೆದರೆ ಕಾಗದ ಸುಳ್ಳಾಗುತ್ತದೆ. ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಈಗ ಕುರಿಯ ವಿಷಯಕ್ಕೆ ಬರುತ್ತೇನೆ.

ಹೌದು, ಕುರಿ! ನಿನ್ನ ದೊಡ್ಡಮ್ಮ ಒಂದು ಕುರಿಗೆ ಕ್ಷೌರ ಮಾಡಿಸಿ ಬಂದಿದ್ದಾಳೆ.

ಈ ವರ್ಷದ ತರಗತಿಯಲ್ಲಿ ಎಂಟು ಮಂದಿ ಇದ್ದಾರೆ. ಅವರಲ್ಲಿ ಒಬ್ಬಳನ್ನು ಎಲ್ಲರೂ ವಕೀಲೆ ಎಂದೇ ಕರೆಯುತ್ತಾರೆ. ಬಾಚಣಿಗೆಯನ್ನು ಬಲಗೈಯಲ್ಲಿ ಹಿಡಿ ಎಂದರೆ ಎಡಗೈ ಮಾಡಿದ ಅಪರಾಧವೇನೆಂದು ಕೇಳುವವಳು. ಅವಳು ಒಂದು ದಿನ ಬಸ್ ನಿಲ್ದಾಣದ ಗೋಡೆಯಿಂದ ಒಂದು ಕರಪತ್ರ ಕಿತ್ತು ತಂದಳು. ನಗರದ ಅಂಚಿನಲ್ಲಿ ಪ್ರಾಣಿಗಳ ಆಶ್ರಯಧಾಮವೊಂದಿದೆಯಂತೆ. ಮಾಲೀಕರು ಬೀಗ ಜಡಿದು ಹೋದ ಫಾರ್ಮ್‌ಗಳಿಂದ, ಲಾರಿಗಳಿಂದ ಬಿಡಿಸಿ ತಂದ ಹಸು, ಹಂದಿ, ಕೋಳಿ, ಕುರಿಗಳು ಅಲ್ಲಿವೆ. ಯಾರು ಬೇಕಾದರೂ ಒಂದನ್ನು ದತ್ತು ತೆಗೆದುಕೊಳ್ಳಬಹುದು. ದತ್ತು ಎಂದರೆ ಮನೆಗೆ ಕರೆತರುವುದಲ್ಲ. ಪ್ರಾಣಿ ಅಲ್ಲೇ ಇರುತ್ತದೆ, ಅದರ ಯೋಗಕ್ಷೇಮ ನಮ್ಮದಾಗುತ್ತದೆ, ತಿಂಗಳಿಗೊಮ್ಮೆ ಅದರ ಸಮಾಚಾರ ಬರುತ್ತದೆ. ಕರಪತ್ರದಲ್ಲಿದ್ದ ಮರಿಗಳಿಗೆಲ್ಲ ಆಗಲೇ ಪೋಷಕರು ಸಿಕ್ಕಿದ್ದರು. ಉಳಿದದ್ದು ಒಂದು ಮುದಿ ಹೆಣ್ಣುಕುರಿ. ಅದರ ಫೋಟೋದಲ್ಲಿ ಮುಖವೇ ಇರಲಿಲ್ಲ. ಐದು ವರ್ಷ ಕತ್ತರಿಸದ ಉಣ್ಣೆಯ ಒಂದು ರಾಶಿ, ಕೆಳಗೆ ನಾಲ್ಕು ಕಡ್ಡಿಗಳು. ಅಲ್ಲಿಯವರು ಅದಕ್ಕೆ ‘ಹಾಸಿಗೆ’ ಎಂದು ಹೆಸರಿಟ್ಟಿದ್ದರು. “ಮೇಡಂ, ಮುಖ ಕಾಣಲ್ಲ ಅಂತ ಯಾರೂ ತಗೊಂಡಿಲ್ಲ. ಮುಖ ಕಾಣೋ ಹಾಗೆ ಮಾಡೋದೇ ಅಲ್ವಾ ನಮ್ಮ ಕೆಲಸ?” ಎಂದಳು ವಕೀಲೆ. ನಾನು ದತ್ತಿನ ಅರ್ಜಿ ತುಂಬಲು ಕುಳಿತೆ. ಅರ್ಜಿಯಲ್ಲಿ ‘ಏನು ನೀಡಬಲ್ಲಿರಿ: ಮೇವು, ಔಷಧ, ಶ್ರಮ’ ಎಂದಿತ್ತು. ಶ್ರಮದ ಮುಂದೆ ಗುರುತು ಹಾಕಿ ಶಾಲೆಯ ಮೊಹರು ಒತ್ತಿದೆವು. ಬಿಸಿಲು ಏರುವುದರೊಳಗೆ ಉಣ್ಣೆ ಇಳಿಸದಿದ್ದರೆ ಅದು ಬೇಸಿಗೆ ದಾಟುವುದಿಲ್ಲವೆಂದು ಪಶುವೈದ್ಯರು ಹೇಳಿದ್ದರು. ಉಣ್ಣೆ ಕತ್ತರಿಸುವವರು ಬರಲು ಇನ್ನೂ ಆರು ವಾರವಿತ್ತು.

ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ ನಾವು ಒಂಬತ್ತು ಜನ, ಎಂಟು ಪೆಟ್ಟಿಗೆ ಸಾಮಾನಿನೊಡನೆ ಅಲ್ಲಿಗೆ ಇಳಿದೆವು. ಧಾಮವನ್ನು ನೋಡಿಕೊಳ್ಳುವವರು ಮೊದಲು ಬಸ್ಸು ಓಡಿಸುತ್ತಿದ್ದ ಹೆಂಗಸು, ಎಲ್ಲರಿಗೂ ಡ್ರೈವರಮ್ಮ. ಹಸುವಿನ ಕೊಟ್ಟಿಗೆಯಲ್ಲಿ ಏನೋ ಅವಸರದ ಕೆಲಸವಿದ್ದುದರಿಂದ, “ಹತ್ತು ನಿಮಿಷ ಕೂತಿರಿ, ಬಂದೆ, ಏನೂ ಮುಟ್ಟಬೇಡಿ” ಎಂದು ಹೋದರು. ನಿನ್ನ ದೊಡ್ಡಮ್ಮನಿಗೆ ಹತ್ತು ನಿಮಿಷ ಕೈಕಟ್ಟಿ ಕುಳಿತು ಗೊತ್ತಿದೆಯೇ? ಶಾಲೆಯ ಮೊದಲ ದಿನ ಮೊದಲ ಗಂಟೆಯಲ್ಲಿ ನಾನು ಕಲಿಸುವ ಪಾಠ ನಿನಗೂ ಬಾಯಿಪಾಠವೇ: ತೊಳೆಯದ ತಲೆಗೆ ಕತ್ತರಿ ಮುಟ್ಟಿಸಬಾರದು. ನಾನು ಹುಬ್ಬು ಏರಿಸಿದೆ ಅಷ್ಟೇ. ಎಂಟೂ ಮಕ್ಕಳು ಬಕೆಟ್ ಹಿಡಿದು ಓಡಿದರು. ಉಗುರುಬೆಚ್ಚನೆಯ ನೀರು, ಒಣಕೂದಲಿಗೆ ಹಾಕುವ ಶಾಂಪೂ, ಬೆರಳ ತುದಿಯಿಂದ ವೃತ್ತಾಕಾರದ ತಿಕ್ಕು! ಕುತ್ತಿಗೆ ಮುಗಿಸಿ ಬೆನ್ನಿನ ಅರ್ಧಕ್ಕೆ ಬರುವಷ್ಟರಲ್ಲಿ ಹಾಸಿಗೆ ಸುಮ್ಮನೆ ನಾಲ್ಕೂ ಕಾಲು ಮಡಚಿ ಕುಳಿತುಬಿಟ್ಟಿತು. ಐದು ವರ್ಷದ ಉಣ್ಣೆ, ಬಕೆಟ್ಟುಗಟ್ಟಲೆ ನೀರು ಕುಡಿದಿತ್ತು. ಏಳಲು ಅದಕ್ಕೆ ಶಕ್ತಿಯಿರಲಿಲ್ಲ. ಆಗ ಡ್ರೈವರಮ್ಮ ಬಂದರು. ನೊರೆಯನ್ನು ನೋಡಿದರು, ನನ್ನನ್ನು ನೋಡಿದರು. “ಒದ್ದೆ ಉಣ್ಣೆಗೆ ಕತ್ತರಿ ಹಾಕಲ್ಲ ಕಣಮ್ಮಾ. ಕುರಿ ಕಾಯೋ ಚಿಕ್ಕ ಮಕ್ಕಳಿಗೂ ಗೊತ್ತು. ಮೊದಲೇ ಹಾಸಿಗೆ, ಈಗ ನೆನೆದ ಹಾಸಿಗೆ ಮಾಡಿಟ್ರಲ್ಲ! ನಿಮ್ಮನ್ನ ಯಾರು ಮೇಡಂ ಮಾಡಿದ್ದು?” ಎಂದರು. ಮಕ್ಕಳೆಲ್ಲ ನೆಲ ನೋಡಿದರು. ನಾನು ಆಕಾಶ ನೋಡಿದೆ.

ಒದ್ದೆ ಮೈಯಲ್ಲಿ ಆ ಮುದಿ ಜೀವ ಹಾಗೆಯೇ ಕುಳಿತಿದ್ದರೆ ಶೀತ ಹಿಡಿಯುತ್ತಿತ್ತು. ತಾನಾಗಿ ಒಣಗಲು ಎರಡು ದಿನ ಬೇಕಿತ್ತು. ನಮ್ಮ ಮಕ್ಕಳ ಬುದ್ಧಿ ಕೆಲಸ ಮಾಡಿದ್ದು ಆಗ. ಶಾಲೆಯಿಂದ ತಂದಿದ್ದ ಟವೆಲ್ಲುಗಳಷ್ಟನ್ನೂ ಒತ್ತಿ ನೀರು ಹಿಂಡಿದರು. ನಂತರ ಎಂಟು ಡ್ರೈಯರುಗಳು ಹೊರಬಂದವು. ಎಂಟನ್ನೂ ಒಟ್ಟಿಗೆ ಹಾಕಿದೊಡನೆ ಇಡೀ ಧಾಮದ ಕರೆಂಟು ಹೋಯಿತು. ಹಂದಿಗಳು ಗಾಬರಿಯಾಗಿ ಕಿರುಚಿದವು. ಆಮೇಲೆ ಸರದಿಯ ಮೇಲೆ ಎರಡೆರಡು. ಒಬ್ಬರು ಬೆರಳಿನಿಂದ ಉಣ್ಣೆ ಬಿಡಿಸುವುದು, ಒಬ್ಬರು ಗಾಳಿ ಹಾಯಿಸುವುದು, ಒಬ್ಬರು ಶಾಖ ಹೆಚ್ಚಾಯಿತೇ ಎಂದು ತಮ್ಮದೇ ಮುಂಗೈಯನ್ನು ನಡುವೆ ಹಿಡಿದು ನೋಡುವುದು. ಹೆದರೀತು ಎಂದುಕೊಂಡಿದ್ದೆವು. ಮಗಳೇ, ಅದು ಕುತ್ತಿಗೆ ಚಾಚಿ, ವಕೀಲೆಯ ತೊಡೆಯ ಮೇಲೆ ಗಲ್ಲವಿಟ್ಟು ನಿದ್ದೆಹೋಯಿತು! ನಮ್ಮ ಶನಿವಾರದ ಗಿರಾಕಿಗಳು ಕುರ್ಚಿಯಲ್ಲಿ ತೂಕಡಿಸುತ್ತಾರಲ್ಲ, ಥೇಟ್ ಹಾಗೆಯೇ. ಡ್ರೈವರಮ್ಮ ಬೆನ್ನು ತಿರುಗಿಸಿ ನಕ್ಕಿದ್ದು ಅವರ ಭುಜ ಕುಣಿದದ್ದರಿಂದ ಗೊತ್ತಾಯಿತು.

ಮೂರು ಗಂಟೆಗೆ ಉಣ್ಣೆ ಒಣಗಿತು. ಡ್ರೈವರಮ್ಮ ಕುರಿಯನ್ನು ಎತ್ತಿ ಹಿಂಬದಿಯ ಮೇಲೆ ಕುಳ್ಳಿರಿಸಿ, ಬೆನ್ನನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡು, “ಹೀಗೆ ಕೂರಿಸಿದ್ರೆ ಕುರಿ ಅಲ್ಲಾಡಲ್ಲ. ಚರ್ಮ ಬಿಗಿಯಾಗಿ ಹಿಡೀಬೇಕು, ಕತ್ತರಿ ಮೈಗೆ ಒರಗಿ ಹೋಗಬೇಕು” ಎಂದು ತೋರಿಸಿದರು. ಮೊದಲು ಕಣ್ಣ ಮೇಲಿನ ಜೊಂಪೆಯನ್ನು ಕತ್ತರಿಸಿದವನು ನಮ್ಮ ಲಂಬು, ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುವ ಹುಡುಗ. ಎರಡು ಸಲ ಕತ್ತರಿ ಆಡಿಸಿದ. ಒಂದು ಮುಖ ಹೊರಬಂತು. ಜೇನಿನ ಬಣ್ಣದ ಎರಡು ಕಣ್ಣು. ಎಷ್ಟು ಕಾಲದ ಮೇಲೆ ಬೆಳಕು ಕಂಡಿತೋ, ಅದು ನಮ್ಮನ್ನು ಒಬ್ಬೊಬ್ಬರನ್ನಾಗಿ, ಹಾಜರಿ ತೆಗೆದುಕೊಳ್ಳುವಂತೆ ನೋಡಿತು. ಲಂಬು ಮೂಗು ಒರೆಸಿಕೊಂಡು, “ಕಣ್ಣಿಗೆ ಕೂದಲು ಬಿತ್ತು ಮೇಡಂ” ಎಂದ. ನನಗೂ ಬಿದ್ದಿತ್ತು.

ಬೆನ್ನು, ಹೊಟ್ಟೆ, ಭುಜ ಎಲ್ಲ ಸರದಿಯಂತೆ ಮುಗಿದವು. ಉಣ್ಣೆ ಕಂಬಳಿಯ ಹಾಗೆ ಪದರಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಗಿನ ಪದರ ಹಾಲಿನ ಕೆನೆಯಂತೆ ಬೆಳ್ಳಗೆ. ಕೊನೆಗೆ ತೊಡೆಯ ಸಂದು ವಕೀಲೆಯ ಪಾಲಿಗೆ ಬಂತು. ಅಲ್ಲಿ ಚರ್ಮ ಕಾಗದದಷ್ಟು ತೆಳು. ಅವಳು ನಿಧಾನವಾಗಿ, ಸರಿಯಾಗಿಯೇ ಹೋಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಇನ್ನಷ್ಟು ಚೆನ್ನಾಗಿ ಕಾಣಲಿ ಎಂದು ಕುರಿಯ ಕಾಲನ್ನು ಸರಕ್ಕನೆ ಎಳೆದೆ. ಚರ್ಮ ಮಡಚಿಕೊಂಡಿತು, ಕತ್ತರಿ ತಾಗಿತು, ಒಂದು ಕೆಂಪು ಗೆರೆ ಮೂಡಿತು. ನಾನು ಬೈಯಲು ಬಾಯಿ ತೆರೆದೆ. ಅಭ್ಯಾಸಬಲ. ಅಷ್ಟರಲ್ಲಿ ಆ ಹುಡುಗಿ ಕತ್ತರಿಯನ್ನು ಕೆಳಗಿಡದೆ, ನನ್ನ ಮುಖ ನೋಡಿಕೊಂಡೇ, “ಮೇಡಂ, ಕತ್ತರಿ ಹಿಡಿದಿದ್ದು ನಾನು. ಎಳೆದಿದ್ದು ನೀವು” ಎಂದಳು. ನಾನು ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆದು, “ಹೌದು ಕಣಮ್ಮಾ, ನಾನೇ” ಎಂದೆ. ಗೀರು ಸಣ್ಣದು, ಡ್ರೈವರಮ್ಮ ಮುಲಾಮು ಹಚ್ಚಿದರು, ವಕೀಲೆ ಉಳಿದ ಭಾಗವನ್ನು ನಡುಗದ ಕೈಯಿಂದ ಮುಗಿಸಿದಳು. ಇದರ ಬಗ್ಗೆ ಇಲ್ಲಿ ಇಷ್ಟು ಸಾಕು.

ಆಮೇಲೆ ನೋಡಬೇಕಿತ್ತು ನೀನು! ನಾಲ್ಕು ಕಾಲ ಮೇಲೆ ನಿಲ್ಲಿಸಿದೊಡನೆ ಆ ಮುದುಕಿ ತನ್ನ ಮೈ ತನ್ನದೇ ಹೌದೇ ಎಂಬಂತೆ ಒಮ್ಮೆ ಒದರಿಕೊಂಡಿತು. ಅರ್ಧಕ್ಕರ್ಧ ಸಣ್ಣದಾಗಿತ್ತು. ನಾಲ್ಕು ಹೆಜ್ಜೆ ನಡೆಯಿತು, ಐದನೆಯದಕ್ಕೆ ನೆಗೆಯಿತು. ನಾಲ್ಕೂ ಕಾಲು ಗಾಳಿಯಲ್ಲಿ, ಮರಿಯ ಹಾಗೆ! ಅಂಗಳದ ತುಂಬ ಓಡಿತು. ಹಿಂದೆ ನಮ್ಮ ಎಂಟು ಮಕ್ಕಳು, ಅವರ ಹಿಂದೆ ನಾನು. ಬೇಲಿಯ ಹಲಗೆಯ ಮೇಲೆ ಹಾಸಿಗೆಯ ಪೋಷಕರೆಂದು ನಮ್ಮ ಶಾಲೆಯ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ರಾತ್ರಿ ಮನೆಯಲ್ಲಿ ಉಣ್ಣೆಯ ರಾಶಿಯ ಫೋಟೋ ನೋಡಿದ ನಿನ್ನ ದೊಡ್ಡಪ್ಪ ತಮ್ಮ ಬೋಳುತಲೆ ಸವರಿಕೊಂಡು, “ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಒಂದು ಹಿಡಿಯಾದ್ರೂ ತರಬಾರದಿತ್ತೇನೇ?” ಎಂದರು. ಧಾಮದಿಂದ ಹೊರಡುವಾಗ ಡ್ರೈವರಮ್ಮ, “ಇನ್ನೂ ಹನ್ನೊಂದು ಕುರಿ ಇವೆ. ಬನ್ನಿ, ನೀರು ಮಾತ್ರ ತರಬೇಡಿ” ಎಂದು ಗದರಿಕೊಂಡೇ ಆಹ್ವಾನಿಸಿದರು. ಮುಂದಿನ ಶನಿವಾರದಿಂದ ಪ್ರತಿ ವಾರ ಹೋಗುವುದೆಂದು ಮಕ್ಕಳು ನನ್ನನ್ನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದಾರೆ. ಎಳೆಯರು ಹೀಗೆ ದೊಡ್ಡವರನ್ನು ಕೇಳದೆ ಒಳ್ಳೆಯ ಕೆಲಸಕ್ಕೆ ಕೈಹಾಕುವುದನ್ನು ನೋಡುವಾಗ, ಕಲಿಸಿದ್ದು ವ್ಯರ್ಥವಾಗಲಿಲ್ಲ ಎನ್ನಿಸುತ್ತದೆ.

ನಿನ್ನ ಗಂಟಲು ಬೇಗ ನೆಟ್ಟಗಾಗಲಿ, ಕೆಲಸದಲ್ಲಿ ನಿನಗೆ ಬೈಯುವವರ ಪಾರ್ಸೆಲ್ಲುಗಳೆಲ್ಲ ಸಿಗಲಿ, ಎಲ್ಲಿದ್ದರೂ ತಲೆಯೆತ್ತಿ ಬಾಳು. ಕೋಣೆಯ ಗೆಳತಿಗೂ ನನ್ನ ಆಶೀರ್ವಾದ ತಿಳಿಸು.

ಸದಾ ನಿನ್ನ ಒಳಿತನ್ನೇ ಬಯಸುವ,
ದೊಡ್ಡಮ್ಮ

ವಿ.ಸೂ: ದೊಡ್ಡಪ್ಪ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ದಿನ ನಿನ್ನ ಕತ್ತರಿ ಗಿರಾಕಿಯ ಕಿವಿಯ ಹಿಂದೆ ಇದ್ದಾಗ, ಕುರ್ಚಿ ಎತ್ತರವಾಯಿತೆಂದು ನಿನ್ನನ್ನು ಕೇಳದೆ ಪೆಡಲ್ ಒತ್ತಿದವಳು ನಾನು. ಕುರ್ಚಿ ಇಳಿಯಿತು, ಕಿವಿ ಕತ್ತರಿಗೆ ಸಿಕ್ಕಿತು. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೇ ಬೈದೆ, ಗೊತ್ತಿದ್ದೇ ಹದಿನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇಂದು ಬೆಳಿಗ್ಗೆ ಆ ಗಿರಾಕಿಯ ಮನೆಗೆ ಹೋಗಿ ಹೇಳಿದೆ. ಅವರು, “ನಂಗೂ ಗೊತ್ತಿತ್ತಮ್ಮ, ಕೂತಿದ್ದೋನು ನಾನಲ್ವಾ? ಹೇಳೋಕೆ ಹೊರಟಿದ್ದೆ. ನಿಮ್ಮ ಹುಡುಗಿ ಹಿಂದೆ ನಿಂತು ಬೇಡ ಅಂತ ಕನ್ನಡಿಯಲ್ಲೇ ತಲೆ ಆಡಿಸಿದಳು” ಎಂದರು. ನನ್ನ ಮರ್ಯಾದೆ ಉಳಿಸಲು ನಿನ್ನ ಕಸುಬನ್ನೇ ಬಿಟ್ಟುಕೊಟ್ಟೆಯಲ್ಲ ಮಗಳೇ. ನನ್ನನ್ನು ಕ್ಷಮಿಸು. ವಾಪಸು ಬಾ ಎನ್ನುವ ಹಕ್ಕು ನನಗಿಲ್ಲ. ಬಂದರೆ ಆ ಹನ್ನೊಂದು ಕುರಿಗಳನ್ನೂ ಈ ಎಂಟು ಮಕ್ಕಳನ್ನೂ ನಿನಗೆ ಒಪ್ಪಿಸಿ, ನಾನು ಟವೆಲ್ ಮಡಚುತ್ತ ಕೂರುತ್ತೇನೆ. ಬೈದದ್ದು ಎಲ್ಲರೆದುರು, ಆದ್ದರಿಂದ ಹೇಳುವುದೂ ಎಲ್ಲರೆದುರೇ ಆಗಬೇಕು: ಅಂದಿನ ತರಗತಿಯವರನ್ನೂ ನಾಳೆ ಒಂಬತ್ತಕ್ಕೆ ಶಾಲೆಗೆ ಕರೆಸಿದ್ದೇನೆ. ನೀನು ಬೇಡವೆಂದು ತಲೆಯಾಡಿಸುತ್ತೀಯೆಂದು ಗೊತ್ತಿದ್ದೇ ಫೋನು ಮಾಡಲಿಲ್ಲ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಎಲ್ಲವನ್ನೂ ಹೇಳಿ ಮುಗಿಸಿರುತ್ತೇನೆ.