ಕುಂದರಲಾರದ ಗಡಿಗೆ

ಅನಗೋಳ, ಬೆಳಗಾವಿ
೨ ಫೆಬ್ರುವರಿ ೨೦೨೫, ರವಿವಾರ

ಸಮೃದ್ಧಿಯ ಅಣ್ಣನವರಿಗೆ,

ಕಾಂತಾಳ ನಮಸ್ಕಾರ. ಗಂಡನ ಹೆಸರು ಬರೆಯಲು ನನಗೆ ಇನ್ನೂ ಕೈ ಏಳುವುದಿಲ್ಲ, ಅದಕ್ಕೆ ನಿಮ್ಮ ತಂಗಿಯ ಹೆಸರು ಹಿಡಿದು ಕರೆದಿದ್ದೇನೆ, ನಗಬೇಡಿರಿ. ಲಕೋಟೆಯ ಮೇಲೆ ಅವಳಿಂದಲೇ ಬರೆಸುತ್ತೇನೆ. ಆರೋಗ್ಯ ಹೇಗಿದೆ? ಆ ಹಳೆಯ ಚರ್ಚಿನ ಮಾಡಿಗೆ ಹಂಚು ಹೊದಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೀರಿ ತಾನೆ? ಮೊಣಕಾಲಿನ ಗಾಯ ಒಣಗಿತೆ? ಗೋವಾದ ಬಿಸಿಲು ಕೆಟ್ಟದ್ದು, ತಲೆಗೆ ಟವೆಲ್ಲು ಸುತ್ತಿಕೊಳ್ಳಿರಿ. ಮಳೆಗಾಲ ಬರುವುದರೊಳಗೆ ಮಾಡು ಮುಗಿಯಬೇಕೆಂದು ರಜೆ ಕೊಡುತ್ತಿಲ್ಲ ಎಂದಿರಿ, ಶಿವರಾತ್ರಿಗಾದರೂ ಒಂದು ದಿನ ಕೇಳಿ ನೋಡಿರಿ. ಅತ್ತೆಯವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾರೆ. ನಿಮ್ಮ ಜೊತೆಗಾರ ಅಮರ ಇವತ್ತು ಗೋವಾಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಗಂಟನ್ನೂ ಈ ಪತ್ರವನ್ನೂ ಕೊಡುತ್ತೇನೆ.

ಫೋನು ಇರುವಾಗ ಪತ್ರ ಏಕೆ ಎಂದು ಕೇಳುತ್ತೀರಿ. ನಿಮ್ಮ ಫೋನು ಬಂದರೆ ಅತ್ತೆಯವರು ಮೊದಲು ಸ್ಪೀಕರ್ ಹಾಕುತ್ತಾರೆ. ಬಾಜು ಮನೆಯ ರತ್ನಮಾಲಾ ಕಾಕು ಕಟ್ಟೆಯ ಮೇಲೆ ಬಂದು ಕುಳಿತು "ನಿನ್ನ ಗಂಡ ದಪ್ಪ ಆಗ್ಯಾನೇನ ಕೇಳ" ಎನ್ನುತ್ತಾರೆ. ಅಷ್ಟು ಜನರ ನಡುವೆ ನಾನು "ಹೂಂ, ಅರಾಮ ಅದೇವಿ" ಎನ್ನುವುದರ ಮುಂದೆ ಹೋಗಿಲ್ಲ. ಮದುವೆಯಾದಾಗಿನಿಂದ ಫೋನಿನಲ್ಲಿ ನಾನು ನಿಮಗೆ ಹೇಳಿದ್ದನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್ ಕಾರ್ಡು ತುಂಬುವುದಿಲ್ಲ. ಐದನೇ ಇಯತ್ತೆಗೆ ಸಾಲೆ ಬಿಟ್ಟವಳು ನಿಜ, ಆದರೆ ಬರೆಯಲು ಕುಳಿತರೆ ನನ್ನ ಬಾಯಿ ಬಿಚ್ಚಿಕೊಳ್ಳುತ್ತದೆ.

ಹೋದ ವಾರ ನೀವು ಸ್ಪೀಕರ್ ತೆಗೆಸಿ ನನ್ನೊಬ್ಬಳನ್ನೇ ಕೇಳಿದ್ದು ಒಂದೇ ಮಾತು, ಖಾನಾಪುರದ ಮನೆಯಲ್ಲಿರುವ ಗಡಿಗೆ ಮಾಡುವ ತಿಗರಿಯದು. ಮಾವನವರ ಬಲಭುಜ ಕೆಟ್ಟು, ನಾವೆಲ್ಲ ಸಮೃದ್ಧಿಯ ಸಾಲೆಗೆಂದು ಅನಗೋಳಕ್ಕೆ ಬಂದಮೇಲೆ ಅದು ಗೋಣಿಚೀಲ ಹೊದ್ದು ಬಿದ್ದಿದೆ. ಗೋವಾ ರಸ್ತೆಯ ಹೋಟೆಲಿನವರೊಬ್ಬರು ಅದನ್ನು ತಮ್ಮ ಹೂದೋಟದಲ್ಲಿ ಚೆಂದಕ್ಕೆ ಇಡಲು ಕೇಳಿದ್ದಾರೆ, ಶಿವರಾತ್ರಿಯೊಳಗೆ ಒಯ್ಯುತ್ತಾರಂತೆ, ಅಲ್ಲಿನ ನೆರೆಮನೆಯ ಬೀರೇಶಣ್ಣನಿಗೆ ಹೂಂ ಎನ್ನಬೇಕೋ ಬೇಡವೋ. "ಅಪ್ಪನ ಮನಸ್ಸು ನೋಡಿ ಹೇಳು" ಎಂದಿರಿ. ನೋಡಿದ್ದೇನೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ಗ್ರೀಕರ ಸುದ್ದಿ ಹೇಳಬೇಕು.

ಟಿಳಕವಾಡಿಯ ಸಾಲೆಯಲ್ಲಿ ಸಮೃದ್ಧಿಯ ಎಂಟನೇ ಇಯತ್ತೆಯವರು ಹಳೆಯ ನಾಗರಿಕತೆಗಳ ಪ್ರದರ್ಶನ ಮಾಡಬೇಕೆಂದು ಅವಳ ಇತಿಹಾಸದ ಪದ್ಮಶ್ರೀ ಟೀಚರ್ ಹೇಳಿದರು. ಯಾರೋ ಥರ್ಮಾಕೋಲಿನ ಪಿರಮಿಡ್ಡು ತರುತ್ತೇನೆ ಎಂದರು, ಯಾರೋ ರಟ್ಟಿನ ರೋಮ್ ತರುತ್ತೇನೆ ಎಂದರು. ನಿಮ್ಮ ತಂಗಿ ಎದ್ದು ನಿಂತು, "ಟೀಚರ್, ನಮ್ಮ ಅಪ್ಪಾ ಎಲ್ಲಾ ದೇಶದ ಗಡಗಿ ಮಾಡಿಕೊಡ್ತಾನ" ಎಂದು ಹೇಳಿ ಬಂದಳು. ಅಪ್ಪನನ್ನು ಕೇಳಲೂ ಇಲ್ಲ. ಮನೆಗೆ ಬಂದ ಮೇಲೆ ಅವಳಿಗೆ ಭುಜದ ನೆನಪಾಯಿತು. ಅಳುವ ಮುಖ ಮಾಡಿ ಪುಸ್ತಕ ಹಿಡಿದು ಅಪ್ಪನ ಮುಂದೆ ಓದಲು ಕುಳಿತಳು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ, ಎಷ್ಟೋ ರೊಟ್ಟಿ ಸೀದವು. ಮೆಸೊಪೊಟೇಮಿಯಾ ಎಂದರೆ ಎರಡು ನದಿಗಳ ನಡುವಿನ ನಾಡಂತೆ, ಅಲ್ಲಿ ಕಲ್ಲಿರಲಿಲ್ಲ, ಮನೆ, ಗುಡಿ ಎಲ್ಲ ಮಣ್ಣಿನವೇ, ಕೊನೆಗೆ ಅಕ್ಷರವೂ ಮಣ್ಣಿನ ಮೇಲೆಯೇ. ಈಜಿಪ್ಟಿನಲ್ಲಿ ಟಗರಿನ ತಲೆಯ ದೇವರೊಬ್ಬ ತಿಗರಿಯ ಮೇಲೆ ಮಣ್ಣಿಟ್ಟು ಮನುಷ್ಯರನ್ನು ಮಾಡಿದನಂತೆ. ಇದನ್ನು ಕೇಳಿ ಮಾವನವರು ಗೋಡೆಗೆ ಒರಗಿದ್ದವರು ನೆಟ್ಟಗೆ ಕುಳಿತರು. "ಏನಂದಿ? ತಿಗರಿ ಮ್ಯಾಲ? ಇನ್ನೊಮ್ಮೆ ಓದ. ನೋಡಿದಿಯೇನ, ಅಲ್ಲಿ ದೇವರು ಸುದ್ದಾ ನಮ್ಮ ಪೈಕಿ ಅದಾನ!" ಎಂದರು. ಅತ್ತೆಯವರು ಮಾತ್ರ ಗೋರಿಯೊಳಗೆ ಹುಗಿದ ಗಡಿಗೆಗಳ ಸುದ್ದಿ ಬಂದಾಗ, "ಸತ್ತವರಿಗೆ ಅಷ್ಟ್ಯಾಕ ಗಡಗಿ? ನಮ್ಮಂಗ ಕುಂದರಿಸಿ ವಿಭೂತಿ ಹಚ್ಚಿ ಮಣ್ಣ ಕೊಟ್ಟರ ಆತಪ್ಪ" ಎಂದು ಆ ನಾಗರಿಕತೆಯನ್ನು ಅಲ್ಲಿಗೇ ಮುಗಿಸಿದರು.

ಮುಂದಿನ ರವಿವಾರವೇ ಮಾವನವರು, ಸಮೃದ್ಧಿ, ನಾನು ಖಾನಾಪುರದ ಬಸ್ಸು ಹತ್ತಿದೆವು. ತಿಗರಿಯ ಮೇಲಿನ ಗೋಣಿಚೀಲ ಸರಿಸಿದರೆ ಒಂದು ಬೆಕ್ಕು ಮರಿ ಹಾಕಿತ್ತು. ಅವನ್ನು ಬುಟ್ಟಿಗೆ ಸಾಗಿಸಿದೆವು. ಬೀರೇಶಣ್ಣ ಹೊಳೆಯ ಕಡೆಯ ಮಣ್ಣನ್ನು ಹದ ಮಾಡಿಯೇ ಇಟ್ಟಿದ್ದ. ಹೋಟೆಲಿನವರ ಸುದ್ದಿಯನ್ನು ಅವನು ಅಂದೇ ಎತ್ತಿದ್ದು. ಮಾವನವರು ತಿಗರಿಯ ಕಡೆ ನೋಡದೆ, "ಒಯ್ಯಲಿ ಬಿಡಪಾ. ಭುಜಾ ಹೋದಾಂವ ಅದನ್ನ ಇಟಗೊಂಡು ಪೂಜಿ ಮಾಡ್ಲೇನು?" ಎಂದರು. ಇದು ಅವರು ಅಂದು ಹೇಳಿದ ಮಾತು, ಇದ್ದ ಹಾಗೆ ಬರೆದಿದ್ದೇನೆ.

ಕೋಲು ಹಾಕಿ ತಿಗರಿ ತಿರುಗಿಸಲು ಅವರ ಭುಜ ಏಳಲಿಲ್ಲ. ನಮ್ಮವರಲ್ಲಿ ಹೆಣ್ಣುಮಕ್ಕಳು ಮಣ್ಣು ತುಳಿಯಬಹುದು, ಹಸಿ ಗಡಿಗೆಯ ತಳ ಬಡಿಯಬಹುದು, ಬಣ್ಣ ಹಚ್ಚಬಹುದು, ತಿಗರಿಗೆ ಮಾತ್ರ ಕೈ ಹಚ್ಚಬಾರದು. ನಾನು ದೂರ ನಿಂತಿದ್ದೆ. ಮಾವನವರು ಬಹಳ ಹೊತ್ತು ವಿಚಾರ ಮಾಡಿ, "ಕೋಲು ಅಂದ್ರ ಕೈ ಅಲ್ಲ. ಕಾಂತವ್ವಾ, ನೀ ಕೋಲು ಹಾಕಿ ತಿರುವು" ಎಂದರು. ತಿರುವಿದೆ. ಅವರ ಬೆರಳು ಮಣ್ಣಿಗೆ ತಾಗಿದ್ದೇ ತಡ, ಗಡಿಗೆಗಳು ಎದ್ದು ನಿಂತವು. ಮುಖದ ಮೇಲಿನ ದಣಿವೆಲ್ಲ ಎಲ್ಲಿ ಹೋಯಿತೋ. ನೀವು ನೋಡಬೇಕಿತ್ತು.

ಟೀಚರ್ ಕೊಟ್ಟ ಚಿತ್ರಗಳಲ್ಲಿ ಗ್ರೀಕರ ಗಡಿಗೆ ಬಂದಾಗ ಗದ್ದಲ ಶುರುವಾಯಿತು. ಎರಡು ಕಿವಿ, ಉದ್ದ ಕುತ್ತಿಗೆ, ಕೆಳಗೆ ಬರುತ್ತ ಬರುತ್ತ ಚೂಪು. ಮಾವನವರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಗಡಗಿ ಅಲ್ಲ, ಹೊಲದಾಗಿಂದ ಕಿತ್ತ ಗಜ್ಜರಿ!" ಎಂದರು. ನೋಡಿದರೆ ಈಜಿಪ್ಟಿನದೂ ಹಾಗೆಯೇ, ಸಮುದ್ರದ ಆಚೆ ಇಂಕಾ ಜನರದೂ ಹಾಗೆಯೇ. "ಇಷ್ಟಿಷ್ಟು ದೊಡ್ಡ ಊರು ಕಟ್ಟಿದ ಮಂದಿಗೆ ಒಂದು ತಳಾ ಮಾಡಾಕ ಬರಲಿಲ್ಲೇನ? ನೆಲದಾಗಿಂದ ಕಿತ್ತು ತಗಿಯೂ ಮುಂದ ತಳಾ ಮುರದಿರಬೇಕು, ಪಾಪ" ಎಂದು ತಾವೇ ತೀರ್ಮಾನಿಸಿ, ಎಲ್ಲ ದೇಶದವರಿಗೂ ಗಟ್ಟಿಯಾದ, ಅಗಲವಾದ, ಖಾನಾಪುರದ ತಳ ಹಚ್ಚಿಕೊಟ್ಟರು. ಬೀರೇಶಣ್ಣ ತನ್ನ ಆವಿಗೆಯಲ್ಲಿ ಅವನ್ನು ಸುಟ್ಟುಕೊಟ್ಟ. ಕೆಂಪಗೆ, ಗುಂಡಗೆ, ಒಂದಕ್ಕಿಂತ ಒಂದು ಚೆಂದ.

ಸಾಲೆಗೆ ಒಯ್ದಾಗ ಪದ್ಮಶ್ರೀ ಟೀಚರ್ ಗಡಿಗೆಗಳನ್ನು ಸವರಿ ನೋಡಿ ಬಾಯಿತುಂಬ ನಕ್ಕರಂತೆ. "ಭಾಳ ಚಂದ ಅದಾವ ಸಮೃದ್ಧಿ. ಆದರ ಗ್ರೀಕರು ಇವನ್ನ ನೋಡಿದ್ರ ಖಾನಾಪುರದಿಂದ ತರಿಸೇವಿ ಅಂತಿದ್ರು" ಎಂದರಂತೆ. ಆ ಚೂಪು ತಳ ಮುರಿದದ್ದಲ್ಲವಂತೆ. ಎಣ್ಣೆ, ಮದ್ಯ ತುಂಬಿ ಹಡಗಿನ ಹೊಟ್ಟೆಯಲ್ಲಿ ಒಂದರ ಸಂದಿಯಲ್ಲಿ ಒಂದು ಸಿಕ್ಕಿಸಿ ಒಯ್ಯಲು, ದಂಡೆಗಿಳಿದರೆ ಮರಳಿನಲ್ಲಿ ಊರಲು ಹಾಗೆ ಮಾಡುತ್ತಿದ್ದರಂತೆ. ಉಳಿದವು ಇರಲಿ, ಗ್ರೀಕರ ಮೇಜಿಗೆ ಒಂದಾದರೂ ಖರೇ ಚೂಪು ತಳದ್ದು ಬೇಕು, ಇಲ್ಲದಿದ್ದರೆ ನೋಡಲು ಬಂದ ಮಕ್ಕಳು ತಪ್ಪು ಕಲಿಯುತ್ತಾರೆ ಎಂದರಂತೆ. ಸಮೃದ್ಧಿ ಅತ್ತುಕೊಂಡು ಬಂದಳು. ಮಾವನವರು ಒಪ್ಪಲಿಲ್ಲ. "ಹಡಗಿನಾಗ ಇಡೂದಿದ್ರ ಹಡಗಿನಾಂವಗ ಗಡಗಿ ಕೆಳಗ ಇಡಾಕ ಒಂದು ಸಿಂಬಿ ಕೊಡಬೇಕಿತ್ತು. ಕುಂದರಲಾರದ ಗಡಗಿ ನನ್ನ ಕೈಯಿಂದ ಆಗೂದಿಲ್ಲ. ನಮ್ಮಪ್ಪ ಕಲಿಸಿಲ್ಲ" ಎಂದರು. ಆದರೂ ಮಗಳ ಕಣ್ಣೀರು ನೋಡಲಾರದೆ ಮತ್ತೊಂದು ರವಿವಾರ ನಮ್ಮನ್ನು ಕರೆದುಕೊಂಡು ಖಾನಾಪುರಕ್ಕೆ ಹೋದರು. ಅಂತೂ ಅಲ್ಲಿ ಒಂದು ಚೂಪು ತಳದ ಗಡಿಗೆ ಆಯಿತು. ಕುತ್ತಿಗೆ ಒಂದು ಕಡೆ ತುಸು ವಾಲಿದೆ. ಹೇಗಾಯಿತು ಎಂಬುದನ್ನು ಕೊನೆಗೆ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ.

ಪ್ರದರ್ಶನ ಮೊನ್ನೆ ಶುಕ್ರವಾರ ಆಯಿತು. ಮಾವನವರು ಮದುವೆಗೆ ಹೊರಟವರ ಹಾಗೆ ಬಿಳಿ ಧೋತರ ಉಟ್ಟು, ಟೋಪಿ ಇಟ್ಟು, ಗ್ರೀಕರ ಮೇಜಿನ ಬಾಜೂಕೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಒಂದು ಡಬ್ಬಿಯಲ್ಲಿ ಮರಳು ತುಂಬಿ ಅದರಲ್ಲಿ ಆ ಗಡಿಗೆಯನ್ನು ಊರಿದ್ದೆವು. ಟೈ ಕಟ್ಟಿದ ಪಾಲಕರೊಬ್ಬರು ಅದನ್ನು ಮರಳಿನಿಂದ ಕಿತ್ತು ಮೇಜಿನ ಮೇಲಿಡಲು ಹೋದರು. ಅದು ಉರುಳಿಕೊಂಡು ಹೊರಟಿತು. ಮಾವನವರು ಕೆಟ್ಟ ಭುಜವನ್ನೂ ಮರೆತು ಎರಡೂ ಕೈಯಿಂದ ಹಿಡಿದುಕೊಂಡು, "ಇದು ಕುಂದರೂ ಗಡಗಿ ಅಲ್ಲರೀ ಸಾಹೇಬ್ರ, ತಿರಗಾಡೂ ಗಡಗಿ! ಹಡಗಿನಾಗ ಹೋಗತಿತ್ತು. ಹಿಂತಾ ತಳಾ ಬೇಕಂತನ ಮಾಡ್ತಿದ್ರು, ಭಾಳ ಶಾಣ್ಯಾ ಮಂದಿ" ಎಂದರು. ಗಜ್ಜರಿ ಎಂದ ಬಾಯಿಯೇ ಇದು. ಸಮೃದ್ಧಿ ನನ್ನ ಸೆರಗು ಎಳೆದಳು, ನಾವಿಬ್ಬರೂ ಪಿರಮಿಡ್ಡಿನ ಹಿಂದೆ ಹೋಗಿ ನಕ್ಕೆವು. ಆ ಪಾಲಕರು ಯಾರು ಮಾಡಿದ್ದು ಎಂದು ಕೇಳಿದರು. ಮಾವನವರು ತಮ್ಮ ಹೆಸರು ಹೇಳಲಿಲ್ಲ. "ನಮ್ಮ ಮನ್ಯಾಗ ಮಾಡ್ಯಾರ" ಎಂದರು.

ಈಗ ನಾಗರಿಕತೆಗಳೆಲ್ಲ ಮನೆಗೆ ವಾಪಸು ಬಂದಿವೆ. ಅತ್ತೆಯವರು ಮೆಸೊಪೊಟೇಮಿಯಾದಲ್ಲಿ ಮಜ್ಜಿಗೆ ಹಾಕಿದ್ದಾರೆ. ಈಜಿಪ್ಟಿನಲ್ಲಿ ಬೆಲ್ಲ. ಇಂಕಾದವರದನ್ನು ರತ್ನಮಾಲಾ ಕಾಕು ಉಪ್ಪಿನಕಾಯಿಗೆಂದು ಕೇಳಿಕೊಂಡು ಹೋದರು. ಗ್ರೀಕರ ಗಡಿಗೆ ಮರಳಿನ ಡಬ್ಬಿಯ ಸಮೇತ ದೇವರ ಜಗಲಿಯ ಬಾಜೂಕೆ ನಿಂತಿದೆ. ಅತ್ತೆಯವರು ಕಸ ಹೊಡೆಯುವಾಗಲೆಲ್ಲ "ಈ ಕುಂಟಿಗೆ ಇನ್ನೊಂದು ಜಾಗಾ ನೋಡವ್ವಾ" ಎನ್ನುತ್ತಾರೆ, ಆದರೆ ತಾವೇ ಅದರ ಧೂಳು ಒರೆಸುತ್ತಾರೆ.

ಅತ್ತೆ, ಮಾವ ನಿಮಗೆ ಆಶೀರ್ವಾದ ಹೇಳಿದ್ದಾರೆ. ಬಸವಣ್ಣ ನಿಮ್ಮನ್ನು ಆ ಎತ್ತರದ ಮಾಡಿನ ಮೇಲೆ ಜೋಪಾನವಾಗಿ ಇಡಲಿ. ಸಮೃದ್ಧಿ ಒಂದು ಪೋರ್ಚುಗೀಸರ ಹಂಚಿನ ಚೂರು ತರಬೇಕಂತೆ, ಮುಂದಿನ ವರ್ಷ ಅದರ ಪಾಠ ಇದೆಯಂತೆ. ಬಿದ್ದದ್ದು ಸಿಕ್ಕರೆ ಕೇಳಿ ತನ್ನಿರಿ, ಕಿತ್ತು ಮಾತ್ರ ತರಬೇಡಿರಿ.

ನಿಮ್ಮ
ಕಾಂತಾ

ತಾ.ಕ.: ಅಮರ ಬಾಗಿಲಲ್ಲಿ ನಿಂತು ಬಸ್ಸು ತಪ್ಪುತ್ತದೆ ಎಂದು ಕಾಲು ಕುಣಿಸುತ್ತಿದ್ದಾನೆ. ಶಶಿಧರ ಅವರೇ, ತಿಗರಿ ಕೊಡಬೇಡಿರಿ. ಆ ಚೂಪು ತಳದ ಗಡಿಗೆ ನಾನು ಮಾಡಿದ್ದು. ಮಾವನವರು ಬೀರೇಶಣ್ಣನ ಮನೆಗೆ ಚಹಾಕ್ಕೆ ಹೋಗಿದ್ದರು. ಮಣ್ಣು ತಿಗರಿಯ ಮೇಲೆ ಹಾಗೇ ಇತ್ತು, ಸಮೃದ್ಧಿ "ವೈನಿ, ನೀ ಮಾಡ" ಎಂದು ಕೋಲು ತಾನೇ ಹಾಕಿದಳು. ಸಣ್ಣವಳಿದ್ದಾಗ ತವರಿನಲ್ಲಿ ಒಮ್ಮೆ ಕೈ ಹಚ್ಚಿ ಬೈಸಿಕೊಂಡಿದ್ದೆ, ಆ ಆಸೆ ಹೋಗಿರಲಿಲ್ಲ. ಮೊದಲು ಇಟ್ಟ ಮಣ್ಣು ಕುಸಿಯಿತು, ಆಮೇಲಿನದೂ ಕುಸಿಯಿತು, ಕೊನೆಗೊಂದು ನಿಂತಿತು. ತಲೆ ಎತ್ತಿದರೆ ಮಾವನವರು ಹೊಸ್ತಿಲಲ್ಲಿ ನಿಂತಿದ್ದಾರೆ. ನಾನು ಎದ್ದೇಳಲು ಹೋದೆ. ಅವರು ಬಂದು ಪಕ್ಕದಲ್ಲಿ ಕುಳಿತು, "ಕುತಗಿ ವಾಲೇತಿ. ಹೆಬ್ಬಟ್ಟು ಒಳಗ ಇಡು, ಹೆದರಬ್ಯಾಡ" ಎಂದರು. ತಳ ಬಡಿದು ಚೂಪು ಮಾಡಿದ್ದೂ ನಾನೇ. ಗ್ರೀಕರು ತಾವು ಮಾಡಿದ ಗಡಿಗೆಯ ಮೇಲೆ ತಮ್ಮ ಹೆಸರು ಬರೆಯುತ್ತಿದ್ದರೆಂದು ಸಮೃದ್ಧಿಯ ಟೀಚರ್ ಹೇಳಿದ್ದರಂತೆ, ಅದಕ್ಕೆ ನಾನೂ ಕಡ್ಡಿಯಿಂದ ಕೊರೆದಿದ್ದೇನೆ, ಮರಳಿನೊಳಗೆ ಹುಗಿಯುವ ಕಡೆ, ಯಾರಿಗೂ ಕಾಣದ ಹಾಗೆ. ಅತ್ತೆಯವರಿಗೆ ನಾವು ಹೇಳಿಲ್ಲ. ಅವರು ಅಂದು ಸಂಜೆ ನನ್ನ ಕೈ ನೋಡಿ, "ಉಗುರಾಗಿನ ಮಣ್ಣ ತಗದು ರೊಟ್ಟಿ ಬಡೀ" ಎಂದರು, ಅಷ್ಟೇ. ನಿನ್ನೆ ಮಾವನವರನ್ನು ನಿಮ್ಮ ಪರವಾಗಿ ಮತ್ತೊಮ್ಮೆ ಕೇಳಿದೆ, ತಿಗರಿ ಕೊಡೋಣವೇ ಎಂದು. "ನನ್ನ ಯಾಕ ಕೇಳ್ತಾನ? ತಿಗರಿ ತಿರಗಸೂವಾಕಿನ್ನ ಕೇಳಂತ ಹೇಳ ಅವಗ" ಎಂದರು. ನನ್ನನ್ನು ಕೇಳಿದರೆ, ನಾನು ಕೊಡುವುದಿಲ್ಲ. ಬೀರೇಶಣ್ಣನಿಗೆ ನೀವೇ ಹೇಳಿರಿ, ನನಗೆ ನಾಚಿಕೆ.