ಹನಿ ಹಾಕಿದ ಗುರುತು

ಕಣ್ಣಾಸ್ಪತ್ರೆಯ ಸಂಶೋಧನಾ ವಿಭಾಗದ ಸಿಸ್ಟರ್ ಅವರಿಗೆ,

ಹೊಸ ಹನಿಯೌಷಧದ ಪರೀಕ್ಷೆಗೆ ಸೇರಿರುವ ಗಡಿಯಾರ ರಿಪೇರಿಯವನ ನಮಸ್ಕಾರ.

ಬಾಟಲಿಗಳನ್ನೂ, ದಿನಾ ಹನಿ ಹಾಕಿದ ಮೇಲೆ ಟಿಕ್ ಮಾಡುವ ಪುಸ್ತಕವನ್ನೂ ಕಳಿಸಿದ್ದೇನೆ. ಕೊನೆಯ ಬಾಟಲಿಯಲ್ಲಿ ಔಷಧ ಉಳಿದಿದೆ. ಕೊನೆಯ ಹನ್ನೊಂದು ಟಿಕ್‌ಗಳು ಸುಳ್ಳು. ದಯವಿಟ್ಟು ಹೊಡೆದುಹಾಕಿ. ನನ್ನ ಸುಳ್ಳು ನಂಬಿ ನಾಳೆ ಯಾರದೋ ಕಣ್ಣು ಕೆಡಬಾರದು. ಡಾಕ್ಟರರಿಗೆ ಕೋಪ ಬಂದರೆ ಬೈಗುಳ ನನಗೇ ಇರಲಿ.

ಎರಡು ವರ್ಷ ಹನಿ ಹಾಕಿದವಳು ನನ್ನ ಹೆಂಡತಿ. ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುವ ಕೈ ನನ್ನದು, ಆದರೂ ಬಾಟಲಿ ಹತ್ತಿರ ತಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ನನ್ನನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು, "ರೀ, ಮೇಲೆ ನೋಡಿ ಅಂದ್ರೆ ನನ್ನ ಮುಖ ಯಾಕ್ರೀ ನೋಡ್ತೀರಾ?" ಎಂದು ಗದರುತ್ತಿದ್ದಳು.

"ಮೇಲೆ ಇರೋದು ಅದೇ ತಾನೆ?" ಎನ್ನುತ್ತಿದ್ದೆ.

ಆಮೇಲೆ ನನ್ನ ಕೆನ್ನೆ ಒರೆಸಿ, ಪುಸ್ತಕದಲ್ಲಿ ಉದ್ದ ಬಾಲದ ಟಿಕ್ ಹಾಕುತ್ತಿದ್ದಳು.

ಅವಳು ತೀರಿಕೊಂಡ ಮರುದಿನವೂ ಅದೇ ಹೊತ್ತಿಗೆ ಕುರ್ಚಿಯಲ್ಲಿ ಕೂತೆ. ಬಾಟಲಿ ತೆರೆಯಲು ಆಗಲಿಲ್ಲ. ಖಾಲಿ ಖಾನೆ ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಅದಕ್ಕೇ ಟಿಕ್ ಹಾಕಿದೆ. ಹನ್ನೊಂದು ದಿನವೂ ಹೀಗೇ ಆಯಿತು.

ಪರೀಕ್ಷೆಯಿಂದ ನನ್ನನ್ನು ಕೈಬಿಟ್ಟರೆ ಬೇಸರವಿಲ್ಲ. ಆದರೆ ಪುಸ್ತಕದ ನಕಲನ್ನು ಮಾತ್ರ ನೀವಿಟ್ಟುಕೊಂಡು ಮೂಲವನ್ನು ನನಗೆ ಕೊಡಿ. ಅವಳು ಓದುಬರಹ ಕಲಿತವಳಲ್ಲ. ಅವಳ ಕೈಯಿಂದ ಬರೆದದ್ದು ಅಂತ ಈ ಮನೆಯಲ್ಲಿ ಇರುವುದು ಆ ಟಿಕ್‌ಗಳು ಮಾತ್ರ.

ಇಂತಿ,
ನಿಮ್ಮ ತೊಂಬತ್ತೇಳನೇ ನಂಬರಿನವನು